ಗಾಜಿನೆಳೆಗೆ ಹಾಕಿದ ಗಂಟು

ಆಗ ನಾನು ಕೊಳ್ಳೇಗಾಲದಲ್ಲಿ ಟೆಲಿಫೋನ್ ಎಂಜಿನಿಯರ್. ಆಪ್ಟಿಕಲ್ ಫೈಬರ್ ಎಂದರೆ ನಮಗೂ ಹೊಸದಾಗಿದ್ದ ಕಾಲ. ಹನೂರಿಗೂ ರಾಮಾಪುರಕ್ಕೂ ನಡುವೆ ನೀರಿನ ಪೈಪಿಗೆಂದು ಅಗೆಯುತ್ತಿದ್ದವರು ಕೇಬಲ್ ಕಡಿದುಬಿಟ್ಟಿದ್ದರು. ಅಷ್ಟಕ್ಕೇ ಬಿಟ್ಟಿದ್ದರೆ ಅವರಿಗೆ ಕೈಮುಗಿಯುತ್ತಿದ್ದೆ. ಪುಣ್ಯಾತ್ಮರು ಎರಡು ತುದಿಗಳನ್ನೂ ಎಳೆದು ತಂದು, ಎತ್ತಿನ ಹಗ್ಗ ಕಿತ್ತಾಗ ಹಾಕುವಂತೆ ಗಂಟು ಹಾಕಿದ್ದರು!

“ಬದ್ರವಾಗಿ ಆಕಿವ್ನಿ ಸಾ, ಎಂಗೆಳುದ್ರೂ ಬುಡಲ್ಲ,” ಎಂದ ಅವರಲ್ಲೊಬ್ಬ, ಶಭಾಸ್‌ಗಿರಿ ಕಾಯುತ್ತ.

ಒಳಗಿರುವುದು ಕೂದಲಿನಷ್ಟು ಸಣ್ಣ ಗಾಜಿನ ಎಳೆ, ಮಡಚಿದರೆ ಮುರಿಯುತ್ತದೆ ಎಂದು ಯಾರಿಗೆ ಹೇಳಲಿ? ಗಂಟು ಕತ್ತರಿಸಿ ಎಸೆದ ಮೇಲೆ ಕೇಬಲ್ ಗಿಡ್ಡವಾಯಿತು. ಎಳೆಗಳನ್ನು ಕರಗಿಸಿ ಬೆಸೆಯುವ ಯಂತ್ರ ಮೈಸೂರಿನಿಂದ ಜೀಪಿನಲ್ಲಿ ಬರಬೇಕಿತ್ತು. ಬಂದರೂ ತುದಿಗಳು ಯಂತ್ರವಿಡುವ ಮೇಜಿಗೆ ಎಟುಕಲು ಇನ್ನಷ್ಟು ಅಗೆಯಬೇಕಿತ್ತು. ನನ್ನ ಚೀಲದಲ್ಲಿದ್ದದ್ದು ಮೆಕ್ಯಾನಿಕಲ್ ಕನೆಕ್ಟರ್. ಪುಟ್ಟ ಕೊಳವೆಯೊಳಗೆ ಎರಡು ತುದಿಗಳನ್ನು ಎದುರುಬದುರು ಕೂರಿಸಿ ಅದುಮುವುದು, ಅಷ್ಟೇ. ಗುಂಡಿಯಲ್ಲೇ ಕೂತು ಮಾಡಬಹುದು. ಆದರೆ ಮಾತು ಹೊತ್ತೊಯ್ಯುವ ಬೆಳಕು ಅಲ್ಲಿ ಸೋರುತ್ತದೆ, ಆ ಲೈನಿನಲ್ಲಿ ಮೊದಲೇ ಬೆಳಕು ಕಡಿಮೆ. ಜೀಪಿಗೇ ಕಾಯೋಣ ಎಂದುಕೊಂಡೆ.

ಅಷ್ಟರಲ್ಲಿ ರಾಮಾಪುರದ ಕಡೆಯಿಂದ ಬಂದ ಟೆಂಪೊದಿಂದ ಒಬ್ಬ ಹೆಂಗಸು ಇಳಿದಳು. ಅವಳ ಮಗಳು ಹೆರಿಗೆಯಾಗಿ, ಮೈಸೂರಿನ ಆಸ್ಪತ್ರೆಯಲ್ಲಿ ಹುಷಾರಿಲ್ಲದೆ ಮಲಗಿದ್ದಳು. ಅಳಿಯ ರಾಮಾಪುರದ ಬೂತಿಗೆ ಫೋನ್ ಮಾಡುವವನಿದ್ದ.

“ಡಾಕ್ಟ್ರು ಬುಟ್ರೆ ಅವ್ರೇ ಬಂದ್ಬುಡ್ತರಂತೆ ಸಾ. ಇಲ್ದಿದ್ರೆ ನಾನೋಗ್ಬೇಕು. ಸಂಜೆ ಬಸ್ ಬುಟ್ರೆ ನಾಳಿಕೇಯ. ಎಂಗಾರ ಮಾಡಿ ಒಂದ್ ಮಾತ್ ಕೇಳಂಗ್ ಮಾಡ್ಕೊಡಿ.”

ಆ ಮುಖ ನೋಡಿಕೊಂಡು ಕಾಯುವುದು ನನ್ನಿಂದಾಗಲಿಲ್ಲ. ಕನೆಕ್ಟರನ್ನೇ ಹಾಕಿದೆ. ಲೈನು ಬಂತು. ಅವಳನ್ನು ಕರೆದುಕೊಂಡು ರಾಮಾಪುರದ ಬೂತಿಗೆ ಹೋದೆ. ಸಂಜೆ ಬಸ್ಸು ಎದುರಿಗೇ ನಿಂತಿತ್ತು. ಫೋನು ಬಡಿದುಕೊಂಡಿತು. ರಿಸೀವರಿನಿಂದ ಆಚೆಗೂ ಕೇಳಿಸುವಷ್ಟು ಜೋರಾಗಿ ಅಳಿಯ ಕೂಗಿದ:

“ಅತ್ತೆ, ನೀವು ಬರ್ಬೇ...”

ಗೊರಗೊರ. ಆಮೇಲೆ ಏನೂ ಇಲ್ಲ.

ಅವಳು ನನ್ನ ಕಡೆ ತಿರುಗಿದಳು. “ಬರ್ಬೇಕು ಅಂದ್ನಾ, ಬರ್ಬೇಡಿ ಅಂದ್ನಾ? ಲೈನ್ ಕೂಡ್ಸ್ದೋರು ನೀವೇ ಅಲ್ವಾ ಸಾ, ಏಳಿ.”

ರಿಸೀವರ್ ಇಸಿದುಕೊಂಡು ಕೊಂಡಿ ಒತ್ತಿ ಒತ್ತಿ ನೋಡಿದೆ. ಮತ್ತೆ ಡಯಲ್ ಟೋನ್ ಬರಲಿಲ್ಲ. ಬಸ್ಸು ಹಾರ್ನ್ ಹೊಡೆಯಿತು. “ಬರ್ಬೇಡಿ ಅಂದಿದ್ರೆ ಒಳ್ಳೇದೇಯ, ಸುಮ್ನೆ ಓಗ್ಬಂದಂಗಾಯ್ತದೆ,” ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಹತ್ತಿದಳು.

ಆಮೇಲೆ ಜೀಪು ಬಂತು. ಮತ್ತೆ ಅಗೆದು, ಕೇಬಲ್ ಸಡಿಲಿಸಿ, ಎಳೆಗಳನ್ನು ಬೆಸೆದೆವು. ನಾನು ಬೂತಿಗೆ ವಾಪಸು ಬಂದು ಪರೀಕ್ಷೆ ಮಾಡುತ್ತಿರುವಾಗಲೇ ಫೋನು ಬಂತು. ಅಳಿಯ ಈಗ ಕೂಗುತ್ತಿರಲಿಲ್ಲ.

“ಕೊಳ್ಳೇಗಾಲದಿಂದ ಮಾತಾಡ್ತಾ ಇವ್ನಿ ಸಾ. ಅತ್ತೆಗೆ ಬರ್ಬೇಡಿ ಅಂದಿದ್ದೆ. ಓಗ್ಬುಟ್ಳು ಸಾ ಅವ್ಳು. ವ್ಯಾನ್‌ನಲ್ಲಿ ಊರ್ಗೇ ತಕಂಡ್ ಬತ್ತಾ ಇವ್ನಿ. ಅತ್ತೇನ ಒಸಿ ಕರೀರಿ.”

ಆ ಬಸ್ಸು ಅಷ್ಟೊತ್ತಿಗೆ ಕೊಳ್ಳೇಗಾಲ ದಾಟಿಯಾಗಿತ್ತು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಲೈನು ಕೆಟ್ಟಿದೆ ಎಂದುಕೊಂಡನೋ ಏನೋ, “ಕೇಳುಸ್ತಾ ಅದಾ ಸಾ? ಕೇಳುಸ್ತಾ ಅದಾ?” ಎನ್ನುತ್ತಲೇ ಇದ್ದ.