ಹಿಟ್ಟು ಹತ್ತಿದ ಕೈ

ಇದು ಹೀಗೇ ನಡೆಯಿತು ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಬೇರೆಯವರ ನೆನಪನ್ನು ಕೆದಕಿ ಅದರಲ್ಲಿ ತೂತು ಹುಡುಕುವುದೇ ನನ್ನ ಕಸುಬು. ಇಷ್ಟು ವರ್ಷ ಅದನ್ನೇ ಮಾಡಿದ ಮೇಲೆ ಸ್ವಂತ ನೆನಪಿನ ಮೇಲೂ ಭರವಸೆ ಉಳಿದಿಲ್ಲ. ನನ್ನನ್ನೇ ಸಾಕ್ಷಿಕಟ್ಟೆಗೆ ಹತ್ತಿಸಿದರೆ ಅರ್ಧ ಗಂಟೆಯಲ್ಲಿ ನನ್ನ ಮಾತನ್ನು ನಾನೇ ಸುಳ್ಳು ಮಾಡಬಲ್ಲೆ. ಆದರೂ ಆ ಮಧ್ಯಾಹ್ನ ಸೆಷನ್ಸ್ ಕೋರ್ಟಿನಲ್ಲಿ ನನ್ನ ಬಾಯಿಂದ ಬಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನಾನು ಧಾರವಾಡದಲ್ಲಿ ವಿಜ್ಞಾನ ಓದಿ ಆಮೇಲೆ ಕಾನೂನಿಗೆ ಬಂದವನು. ದೆವ್ವ, ಶಕುನ, ನಿಜವಾದ ಕನಸು ಇಂಥ ಮಾತು ಯಾರಾದರೂ ತೆಗೆದರೆ, ಯಾರು ನೋಡಿದ್ದು, ಎಷ್ಟು ದೂರದಿಂದ, ಬೆಳಕು ಹೇಗಿತ್ತು ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಹೀಗಾಗಿ ಮದುವೆ ಮನೆಗಳಲ್ಲಿ ನನ್ನ ಪಕ್ಕ ಕೂಡಲು ಯಾರಿಗೂ ಮನಸ್ಸಿರುತ್ತಿರಲಿಲ್ಲ.

ನನ್ನ ಆಫೀಸು ದುರ್ಗದಬೈಲಿನ ಹತ್ತಿರ, ಬಟ್ಟೆ ಅಂಗಡಿಯೊಂದರ ಮೇಲೆ. ಸಂಜೆ ಕೆಳಗೆ ಚಹಾ ಕುಡಿಯುವಾಗ ಗೆಳೆಯರು ಕೇಳುವ ಪ್ರಶ್ನೆ ಒಂದೇ: "ಖೂನಿ ಮಾಡಿದವರ ಪರ ನಿಂತು ನಿನಗ ರಾತ್ರಿ ನಿದ್ದಿ ಹೆಂಗ ಬರ್ತದೋ?" "ಫ್ಯಾನ್ ಹಚ್ಚಿದ್ರ ಬರ್ತದ" ಎನ್ನುತ್ತಿದ್ದೆ. ತಮಾಷೆಗೆ ಹಾಗೆ ಹೇಳಿದರೂ ನನ್ನ ಹತ್ತಿರ ಉತ್ತರ ಇತ್ತು. ಒಬ್ಬ ಮನುಷ್ಯನನ್ನು ಜೈಲಿಗೆ ಹಾಕಬೇಕಾದರೆ ಸರಕಾರ ಅವನ ತಪ್ಪನ್ನು ಸಾಬೀತು ಮಾಡಬೇಕು. ಆ ಸಾಬೀತು ಗಟ್ಟಿ ಇದೆಯೋ ಪೊಳ್ಳೋ ಎಂದು ತಟ್ಟಿ ನೋಡುವವನು ಒಬ್ಬ ಬೇಕು. ಆ ತಟ್ಟುವ ಕೆಲಸ ನನ್ನದು. ಕಕ್ಷಿದಾರ ತಪ್ಪು ಮಾಡಿದ್ದಾನೋ ಇಲ್ಲವೋ ಎಂಬುದು ನ್ಯಾಯಾಧೀಶರ ತಲೆನೋವು.

ಆದರೆ ನನಗೆ ಕೆಲಸ ಕಲಿಸಿದ ಹಿರಿಯ ವಕೀಲರು ಒಂದು ಗೆರೆ ಹಾಕಿಕೊಟ್ಟಿದ್ದರು. ಕಕ್ಷಿದಾರ ತಾನೇ ಮಾಡಿದ್ದೇನೆ ಎಂದು ನಿನ್ನ ಮುಂದೆ ಒಪ್ಪಿಕೊಂಡ ಮೇಲೆ, ಸಾಕ್ಷಿಯ ಕಣ್ಣನ್ನು, ಬೆಳಕನ್ನು, ದೂರವನ್ನು ಎಷ್ಟು ಬೇಕಾದರೂ ಪ್ರಶ್ನಿಸು. ಅವನ ಜಾಗದಲ್ಲಿ ಇನ್ನೊಬ್ಬರನ್ನು ಮಾತ್ರ ತಂದು ನಿಲ್ಲಿಸಬೇಡ. "ಅದು ವಕಾಲತ್ತು ಅಲ್ಲೋ ತಮ್ಮಾ, ಅದು ಎರಡನೇ ಅಪರಾಧ" ಎನ್ನುತ್ತಿದ್ದರು. ನಾನು ಆ ಗೆರೆ ದಾಟಿದವನಲ್ಲ, ಅಥವಾ ದಾಟಿಲ್ಲ ಎಂದುಕೊಂಡಿದ್ದೆ.

ಪ್ರಕರಣ ಗಬ್ಬೂರಿನದು. ಹೆಸರುಗಳನ್ನೂ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬೈಪಾಸ್ ರಸ್ತೆಯ ಬದಿಯಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಒಂದು ವರ್ಕ್‌ಶಾಪು. ಒಂದು ಸಂಜೆ ಅದರ ಮಾಲಕ ಶೆಡ್ಡಿನೊಳಗೆ ತಲೆಗೆ ಕಬ್ಬಿಣದ ರಾಡಿನ ಏಟು ಬಿದ್ದು ಸತ್ತ. ಅಲ್ಲಿ ವೆಲ್ಡಿಂಗ್ ಮಾಡುತ್ತಿದ್ದ, ಶೆಡ್ಡಿನ ಹಿಂದೆಯೇ ಬಾಡಿಗೆಗಿದ್ದ ಬಸಣ್ಣ ತಾನೇ ಪೊಲೀಸ್ ಠಾಣೆಗೆ ಹೋಗಿ ಕುಳಿತ. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ಸಾಕ್ಷ್ಯವಾಗುವುದಿಲ್ಲ. ರಾಡು ಹತ್ತು ಮಂದಿ ಕೈಯಾಡಿಸಿದ್ದು. ಹಾಗಾಗಿ ಇಡೀ ಪ್ರಕರಣ ಒಬ್ಬ ಸಾಕ್ಷಿಯ ಮೇಲೆ ನಿಂತಿತ್ತು. ಶೆಡ್ಡಿನ ಎದುರು ಚಹಾ ಮಾರುತ್ತಿದ್ದ ಗಂಗವ್ವ, ಬಸಣ್ಣ ರಾಡು ಹಿಡಿದು ಹೊರಗೆ ಬಂದದ್ದನ್ನು ಕಣ್ಣಾರೆ ಕಂಡೆ ಎಂದು ಹೇಳಿಕೆ ಕೊಟ್ಟಿದ್ದಳು.

ಜೈಲಿನಲ್ಲಿ ಮೊದಲ ಭೇಟಿಯಲ್ಲೇ ಬಸಣ್ಣ ಹೇಳಿಬಿಟ್ಟ: "ನಾನಽ ಹೊಡದೇನ್ರಿ ಸಾಹೇಬ್ರ. ಅವನ ಬಾಯಿ ಭಾಳ ಹೊಲಸಿತ್ತು." ಬೇರೆ ಯಾರ ಮಾತನ್ನೂ ಪರೀಕ್ಷಿಸದೆ ಒಪ್ಪದ ನಾನು ಈ ಮಾತನ್ನು ಹಾಗೇ ನುಂಗಿದೆ. ತನ್ನ ಕುತ್ತಿಗೆಗೇ ಹಗ್ಗ ತರುವ ಮಾತನ್ನು ಯಾರು ಸುಳ್ಳಾಗಿ ಹೇಳುತ್ತಾರೆ? ಕಕ್ಷಿದಾರನ ತಪ್ಪೊಪ್ಪಿಗೆಯನ್ನು ಯಾವ ವಕೀಲನೂ ಪಾಟೀ ಸವಾಲಿಗೆ ಹಾಕುವುದಿಲ್ಲ. ಅವನಿಗೆ ಬಿಡುಗಡೆಯಾಗಬೇಕೆಂಬ ಆಸೆ ಇರಲಿಲ್ಲವೆಂದಲ್ಲ. ಜೈಲಿನ ರೊಟ್ಟಿ ದಪ್ಪ, ಮನೆಯ ರೊಟ್ಟಿ ಅಂದರೆ ರೊಟ್ಟಿ ಎಂದು ಒಮ್ಮೆ ಹೇಳಿಕೊಂಡ. ಅವನ ಹೆಂಡತಿ ಶಾಂತಾ ಆಫೀಸಿಗೆ ಬರುತ್ತಿದ್ದಳು, ಬೆಂಚಿನ ತುದಿಗೆ ಕೂಡುತ್ತಿದ್ದಳು, ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು. ಪೊಲೀಸರು ಆಕೆಯನ್ನು ಏನೂ ಕೇಳಿರಲಿಲ್ಲ. ನಾನೂ ಕೇಳಲಿಲ್ಲ.

ಗಂಗವ್ವನ ಪಾಟೀ ಸವಾಲು ಮಧ್ಯಾಹ್ನ ಊಟದ ನಂತರ ಶುರುವಾಯಿತು. ಆಕೆ ಗಟ್ಟಿ ಹೆಂಗಸು. ವಯಸ್ಸಾಗಿದೆ, ಕಣ್ಣು ಮಂಜಲ್ಲವೇ ಎಂದು ಕೇಳಿದೆ. "ಚಹಾದಾಗ ನೊಣ ಬಿದ್ರ ಕಾಣ್ತದ್ರಿ. ನಿಮ್ಮ ಕೋಟಿನ ಗುಂಡಿ ಒಂದು ಹರದು ಬಿದ್ದದ, ಅದೂ ಕಾಣ್ತದ" ಎಂದಳು. ಕೋರ್ಟು ನಕ್ಕಿತು, ನ್ಯಾಯಾಧೀಶರೂ ನಕ್ಕರು. ನಾನು ಗುಂಡಿ ಬಿದ್ದ ಜಾಗ ಮುಚ್ಚಿಕೊಂಡು ಬೆಳಕಿನ ಬಗ್ಗೆ ಕೇಳಿದೆ. ದೀಪ ಹಚ್ಚುವ ಹೊತ್ತು, ಆದರೂ ಕಾಣುತ್ತಿತ್ತು ಎಂದಳು. ದೂರದ ಬಗ್ಗೆ, ನಡುವೆ ಹಾಯುವ ಲಾರಿಗಳ ಬಗ್ಗೆ ಕೇಳಿದೆ. ಒಂದಕ್ಕೂ ಜಗ್ಗಲಿಲ್ಲ. ಬಸಣ್ಣ ಕಟಕಟೆಯಲ್ಲಿ ನೆಲ ನೋಡುತ್ತ ನಿಂತಿದ್ದ.

ಮುಂದಿನ ಪ್ರಶ್ನೆ ತೀರ ಸಾಧಾರಣದ್ದು. ಆಗ ಅಂಗಡಿಯಲ್ಲಿ ಗಿರಾಕಿಗಳು ಇದ್ದರೇ ಎಂದು ಕೇಳಬೇಕಿತ್ತು. ಇದ್ದರು ಎಂದರೆ ಅವಳ ಗಮನ ಚಹಾದ ಕಡೆ ಇತ್ತು ಎಂದು ವಾದಿಸಬಹುದು. ಬಾಯಿ ತೆರೆದೆ. ಆ ಕ್ಷಣದಲ್ಲಿ ನನ್ನ ಅಂಗೈ ಒಣಗಿ ಬಿಗಿದಂತಾಗಿ ಎರಡೂ ಕೈ ಉಜ್ಜಿಕೊಂಡೆ ಎಂದು ನೆನಪು. ಇದನ್ನು ಆಮೇಲೆ ನಾನೇ ಸೇರಿಸಿಕೊಂಡಿರಲೂಬಹುದು. ಕೇಳಿದ್ದು ಮಾತ್ರ ಹೀಗೆ:

"ಅದಽ ಹೊತ್ತಿನ್ಯಾಗ ಒಬ್ಬಾಕಿ ಹೆಣ್ಣಮಗಳು ಶೆಡ್ಡಿನ ಕಡಿಂದ ನಿಮ್ಮ ಅಂಗಡಿಗೆ ಓಡಿ ಬಂದ್ಲು. ಎರಡೂ ಕೈಗೆ ಹಿಟ್ಟು ಹತ್ತಿತ್ತು. ಗ್ಲಾಸ್ ಹಿಡ್ಯಾಕ ಆಗಲಿಲ್ಲ ಅಂತ ನೀವಽ ಆಕಿ ಬಾಯಿಗೆ ನೀರು ಹಾಕಿದ್ರಿ. ಹೌದಲ್ರಿ ಗಂಗವ್ವಾರ?"

ಕೇಳಿದ ಮೇಲೆ ನನಗೇ ಗಾಬರಿಯಾಯಿತು. ಯಾವ ಹೆಣ್ಣುಮಗಳು? ಯಾವ ಹಿಟ್ಟು? ಗಂಗವ್ವ ಕಟ್ಟೆಯ ಅಡ್ಡಪಟ್ಟಿ ಹಿಡಿದುಕೊಂಡಳು. ನ್ಯಾಯಾಧೀಶರು ಹಿಂದಿನ ಉತ್ತರವನ್ನು ಟೈಪು ಮಾಡುವವರಿಗೆ ಹೇಳಿ ಬರೆಸುತ್ತಿದ್ದರು, ಸರಕಾರಿ ವಕೀಲರು ಕಡತದಲ್ಲಿ ಏನೋ ಹುಡುಕುತ್ತಿದ್ದರು. ಆಕೆ ನನ್ನ ಕಡೆ ಬಾಗಿ ನನಗಷ್ಟೇ ಕೇಳುವಂತೆ ಅಂದಳು:

"ಆಕಿ ಬಂದು ನಿಮ್ಮ ಮುಂದ ಹೇಳಿದ್ಲೇನ್ರಿ?"

ಅಷ್ಟರಲ್ಲಿ ನ್ಯಾಯಾಧೀಶರು ತಲೆಯೆತ್ತಿ ಉತ್ತರ ಕೇಳಿದರು. ಗಂಗವ್ವ ನೆಟ್ಟಗೆ ನಿಂತು ಇಡೀ ಕೋರ್ಟಿಗೆ ಕೇಳುವಂತೆ, "ಸುಳ್ಳ್ರಿ. ಯಾವ ಹೆಣ್ಣಮಗಳೂ ಬಂದಿಲ್ಲ. ನಾ ಯಾರನ್ನೂ ನೋಡಿಲ್ರಿ" ಎಂದಳು.

"ಯಾರನ್ನೂ ಅಂದ್ರ? ಆರೋಪಿನ್ನ ನೋಡೇನಿ ಅಂದಿದ್ರಲ್ಲ?"

"ಇಲ್ರಿ. ಕತ್ತಲಾಗಿತ್ತು. ಯಾರನ್ನೂ ನೋಡಿಲ್ಲ."

ಸರಕಾರಿ ವಕೀಲರು ಆಕೆಯನ್ನು ಪ್ರತಿಕೂಲ ಸಾಕ್ಷಿ ಎಂದು ಘೋಷಿಸಿ ಎಷ್ಟು ಜಗ್ಗಾಡಿದರೂ ಆ ಮಾತು ಬದಲಾಗಲಿಲ್ಲ. ನೊಣವನ್ನು ಕಾಣುವ ಕಣ್ಣು ಒಮ್ಮೆಗೇ ಏನನ್ನೂ ಕಂಡಿರಲಿಲ್ಲ. ನಾನು ಹೇಳಿದ ಹೆಣ್ಣುಮಗಳನ್ನು ಮುಚ್ಚಿಡಲು ಆಕೆಗೆ ಬೇರೆ ದಾರಿ ತೋಚಲಿಲ್ಲ, ಆ ಸಂಜೆಯನ್ನೇ ಪೂರ್ತಿ ಅಳಿಸಿಬಿಟ್ಟಳು ಎಂಬುದು ನನ್ನ ಊಹೆ. ಕೆಲವು ವಾರಗಳಲ್ಲಿ ಬಸಣ್ಣನ ಬಿಡುಗಡೆಯಾಯಿತು. ಬಾರ್ ರೂಮಿನಲ್ಲಿ ಎಲ್ಲರೂ ನನ್ನ ಬೆನ್ನು ತಟ್ಟಿದರು.

ಬಸಣ್ಣ ಮಾತ್ರ ಕೈಮುಗಿಯಲಿಲ್ಲ. ಕೋರ್ಟಿನ ಮೆಟ್ಟಿಲ ಕೆಳಗೆ ನನ್ನನ್ನು ಬೇವಿನ ಗಿಡದ ಮರೆಗೆ ಕರೆದು, "ಹಿಟ್ಟಿನ ಸುದ್ದಿ ನಿಮಗ ಯಾರು ಹೇಳಿದ್ರು?" ಎಂದು ಕೇಳಿದ. ಯಾರೂ ಇಲ್ಲ ಎಂದೆ. ನಂಬಲಿಲ್ಲ.

"ಸಾಹೇಬ್ರ, ನಾ ನಿಮಗ ಮೊದಲಽ ಖರೇ ಹೇಳೇನಿ. ನಾನಽ ಹೊಡದೇನಿ. ನೀವು ಅಷ್ಟಽ ಹಿಡಕೊಂಡು ನಡೀಬೇಕಾಗಿತ್ತು. ಮತ್ತೊಬ್ಬರ ಹೆಸರು ಎದಕ ಬೇಕಿತ್ರಿ?"

"ನಾ ಯಾರ ಹೆಸರೂ ಹೇಳಿಲ್ಲೋ ಬಸಣ್ಣ."

"ಹೇಳಬ್ಯಾಡ್ರಿ ಮತ್ತ. ಇನ್ನೂ ಹೇಳಬ್ಯಾಡ್ರಿ."

ಅಷ್ಟರಲ್ಲಿ ಶಾಂತಾ ಬಂದು ಅವನ ಚೀಲ ಇಸಿದುಕೊಂಡು ನನಗೆ ಕೈಮುಗಿದಳು. ನಾನು ಹುಚ್ಚನಂತೆ ಆಕೆಯ ಮುಖ ಬಿಟ್ಟು ಮುಗಿದ ಕೈ ನೋಡುತ್ತಿದ್ದೆ. ಆಕೆ ಅದನ್ನು ಗಮನಿಸಿ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಆಮೇಲೆ ನಾನು ಮಾಡಿದ್ದು ನನ್ನ ಸ್ವಭಾವಕ್ಕೆ ತಕ್ಕ ಕೆಲಸ. ಆ ಪ್ರಶ್ನೆ ನನ್ನ ತಲೆಯೊಳಗೆ ಎಲ್ಲಿಂದ ಬಂತು ಎಂದು ಹುಡುಕಿದೆ. ಪೊಲೀಸರ ಕಡತವನ್ನು ಮೊದಲಿನಿಂದ ಓದಿದೆ, ಎಲ್ಲಿಯೂ ಹೆಂಗಸಿನ ಸುಳಿವಿಲ್ಲ. ವಿಚಾರಣೆಗೆ ಮುಂಚೆ ಒಮ್ಮೆ ಜಾಗ ನೋಡಲು ಹೋಗಿ ಗಂಗವ್ವನ ಅಂಗಡಿಯಲ್ಲಿ ಗಿರಾಕಿಯಂತೆ ಚಹಾ ಕುಡಿದಿದ್ದೆ. ಆಗ ಯಾರಾದರೂ ಆಡಿದ ಮಾತು ಕಿವಿಗೆ ಬಿದ್ದು ಮರೆತುಹೋಗಿತ್ತೇ? ಇರಬಹುದು. ನೆನಪಿರುವುದು ಲಾರಿಗಳ ಸದ್ದು ಮಾತ್ರ. ಇನ್ನೊಂದು ಸಮಾಧಾನವೂ ಇದೆ. ಬಸಣ್ಣ ಜೈಲಿನಲ್ಲಿ ರೊಟ್ಟಿಯ ಮಾತಾಡಿದ್ದ. ನಮ್ಮ ಕಡೆ ದೀಪ ಹಚ್ಚುವ ಹೊತ್ತಿಗೆ ಯಾವ ಮನೆಗೆ ಹೋದರೂ ಹೆಂಗಸರ ಕೈ ಹಿಟ್ಟಿನಲ್ಲೇ ಇರುತ್ತದೆ. ಇವೆರಡನ್ನು ಮನಸ್ಸು ಜೋಡಿಸಿ ಚಿತ್ರ ಮಾಡಿತು ಎನ್ನಬಹುದು. ಬೇರೆಯವರು ಈ ಕಥೆ ಹೇಳಿದ್ದರೆ ಇದೇ ಉತ್ತರ ಕೊಟ್ಟು ಎದ್ದು ಬರುತ್ತಿದ್ದೆ. ಆದರೆ ಬಾಯಿಗೆ ಹಾಕಿದ ನೀರು? ಅದನ್ನು ಎಲ್ಲಿಂದ ಜೋಡಿಸಿದೆ?

ಕೋರ್ಟಿನ ದಾಖಲೆಯಿಂದಲೂ ಉಪಯೋಗವಾಗಲಿಲ್ಲ. ಯಾವ ಹೆಣ್ಣುಮಗಳೂ ಬಂದಿಲ್ಲ ಎಂಬ ಉತ್ತರ ಅಲ್ಲಿದೆ. ಉತ್ತರವನ್ನಷ್ಟೇ ಬರೆಸುವುದರಿಂದ ನನ್ನ ಪ್ರಶ್ನೆಯಲ್ಲಿ ಹಿಟ್ಟು, ನೀರು ಇದ್ದವೇ ಎಂಬುದು ಇಲ್ಲ. ಗಂಗವ್ವ ಪಿಸುಗುಟ್ಟಿದ್ದಂತೂ ಅಲ್ಲಿರುವುದು ಸಾಧ್ಯವೇ ಇಲ್ಲ. ಹೀಗಾಗಿ ಕೆಲವು ದಿನ ಅದೆಲ್ಲ ನನ್ನ ಕಲ್ಪನೆ ಎನಿಸುತ್ತದೆ. ಮತ್ತೆ ಕೆಲವು ದಿನ, ಬಸಣ್ಣ "ಹಿಟ್ಟಿನ ಸುದ್ದಿ" ಎಂದದ್ದು ನೆನಪಾಗುತ್ತದೆ.

ಶಾಂತಾಳನ್ನು ನೇರವಾಗಿ ಕೇಳಬಹುದಿತ್ತು. ಕೇಳಲಿಲ್ಲ. ಕೇಳಿ ತಿಳಿದುಕೊಂಡು ಏನು ಮಾಡಲಿ? ಹೇಳುವಂತಿಲ್ಲ, ನನ್ನ ಕಕ್ಷಿದಾರನ ಗುಟ್ಟು. ಹೇಳಿದರೆ ಒಬ್ಬ ಹೆಣ್ಣುಮಗಳು ಕಟಕಟೆಗೆ ಬರುತ್ತಾಳೆ, ಅವಳ ಕೈಯಲ್ಲಿ ಹಿಟ್ಟಿತ್ತು ಎಂದ ಮಾತ್ರಕ್ಕೆ ರಾಡೂ ಇತ್ತು ಎಂದಾಗುವುದಿಲ್ಲ. ತಪ್ಪು ಮಾಡಿದವನನ್ನು ಬಿಡಿಸಿದೆನೇ ಎಂದು ಗೆಳೆಯರು ಕೇಳುತ್ತಾರೆ. ತಪ್ಪು ಮಾಡದವನು ತಪ್ಪು ಮಾಡಿದೆ ಎಂದು ನನ್ನಲ್ಲಿಗೆ ಬಂದಿದ್ದರೆ, ನಾನು ಕಾಯಬೇಕಾದದ್ದು ಅವನನ್ನೋ ಅವನ ಸುಳ್ಳನ್ನೋ ಎಂದು ಯಾರೂ ಕೇಳಿಲ್ಲ. ಹಿರಿಯರು ಹಾಕಿಕೊಟ್ಟ ಗೆರೆಯನ್ನು ಆ ದಿನ ನಾನು ದಾಟಿದ್ದು ಹೌದು. ದಾಟಿದ ಕಡೆ ನಿಂತಿದ್ದದ್ದು ನನ್ನ ಕಲ್ಪನೆಯೋ, ನಿಜವಾದ ಮನುಷ್ಯಳೋ ಗೊತ್ತಿಲ್ಲ. ಗಂಡಹೆಂಡಿರು ಊರು ಬಿಟ್ಟರು. ಗಂಗವ್ವ ತೀರಿಕೊಂಡಳು.

ಕಳೆದ ಬೇಸಿಗೆಯಲ್ಲಿ ಬೇರೊಂದು ಜಾಗದ ತಕರಾರಿಗೆ ಗಬ್ಬೂರಿಗೆ ಹೋಗಿದ್ದೆ. ಚಹಾದ ಅಂಗಡಿ ಇರಲಿಲ್ಲ, ಶೆಡ್ಡಿನಲ್ಲಿ ಈಗ ಟೈಲ್ಸ್ ಮಾರುತ್ತಾರೆ. ಶೆಡ್ಡಿನ ಹಿಂದೆ ಬಸಣ್ಣ ಬಾಡಿಗೆಗಿದ್ದ ಮನೆ ಹಾಗೇ ಇತ್ತು. ಕಟ್ಟೆಯ ಮೇಲೆ ಕುಳಿತಿದ್ದ ಮನೆಯ ಮಾಲಕಿಗೆ, ಹಳೇ ಪರಿಚಯದವರನ್ನು ಹುಡುಕುತ್ತ ಬಂದೆ ಎಂದೆ. ಹಿಟ್ಟಿನ ಮಾತಾಗಲಿ ಹೆಂಡತಿಯ ಮಾತಾಗಲಿ ನಾನು ತೆಗೆಯಲಿಲ್ಲ. ಇದನ್ನು ನಾನು ಖಚಿತವಾಗಿ ಹೇಳಬಲ್ಲೆ, ಯಾಕೆಂದರೆ ಮೊದಲೇ ಹಾಗೆ ನಿರ್ಧರಿಸಿಕೊಂಡು ಹೋಗಿದ್ದೆ. ಶೆಡ್ಡಿನಲ್ಲಿ ಗದ್ದಲವಾದ ದಿನ ನೀವು ಇಲ್ಲೇ ಇದ್ದಿರೇನು ಎಂದಷ್ಟೇ ಕೇಳಿದೆ.

"ಇರಲಾರದ ಎಲ್ಲಿ ಹೋಗ್ಲಿರಿ? ನಾ ಇದ್ದೆ ಅಂತ ಮನಿ ಉಳೀತು. ಸುಟ್ಟ ವಾಸನಿ ಬರಾಕತ್ತಿತ್ತು, ಬಂದು ನೋಡಿದ್ರ ಬಾಗಲಾ ಹಾರು ಹೊಡದೈತಿ, ಒಳಗ ಯಾರೂ ಇಲ್ಲ. ಪರಾತದಾಗ ನಾದಿದ ಹಿಟ್ಟು ಹಂಗಽ ಬಿದ್ದೈತಿ, ಹಂಚಿನ ಮ್ಯಾಲೆ ರೊಟ್ಟಿ ಸುಟ್ಟು ಕರ್ರಗ ಇದ್ದಲಿ ಆಗೇತಿ. ಗ್ಯಾಸ್ ನಾನಽ ಬಂದ್ ಮಾಡೀನ್ರಿ" ಎಂದಳು.

ಒಳಗೆ ಹೋಗಿ ನೋಡಲೇ ಎಂದು ಕೇಳಿದೆ. ನೋಡ್ರಿ ಎಂದಳು. ಅಡುಗೆಮನೆಯ ಒಲೆಕಟ್ಟೆಯ ಮುಂದೆ, ರೊಟ್ಟಿ ಬಡಿಯುವವರು ನಿಲ್ಲುವ ಜಾಗದಲ್ಲಿ ನಿಂತೆ. ಎದುರಿಗೊಂದು ಸಣ್ಣ ಕಿಟಕಿ. ಅದರಿಂದ ಶೆಡ್ಡಿನ ಹಿಂಬಾಗಿಲು ಕಾಣುತ್ತದೆ.