ಹಳೇ ನಿಂಬೆಕಾಯಿಯ ಜಾಡಿ

ಯಜಮಾನರ ಕಿಡ್ನಿ ಅರ್ಧಕ್ಕರ್ಧ ಕೆಟ್ಟಿದೆ ಎಂದು ಕೊಳ್ಳೇಗಾಲದ ಡಾಕ್ಟರು ಹೇಳಿದರು. ಉಪ್ಪು ಕಡಿಮೆ ಮಾಡಬೇಕು, ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಮುಟ್ಟಲೇಬಾರದು, ಇಲ್ಲವಾದರೆ ಜೀವಕ್ಕೇ ಸಂಚಕಾರ ಎಂದರು. ನಮ್ಮೂರು ಮಾಂಬಳ್ಳಿಗೆ ಬಂದವಳೇ ಡಬ್ಬಿಗಳನ್ನೆಲ್ಲ ಪಕ್ಕದ ಮನೆಗೆ ಕೊಟ್ಟೆ. ಸಾರಿಗೆ ಚಿಟಿಕೆ ಉಪ್ಪು, ಬಾಕಿಯೆಲ್ಲ ಬೆಳ್ಳುಳ್ಳಿ, ಮೆಣಸು. ಮಕ್ಕಳೂ ಅದೇ ಸಪ್ಪೆ ಉಂಡು ನನ್ನನ್ನು ಶಪಿಸಿದವು.

ಎರಡು ತಿಂಗಳಾದರೂ ಯಜಮಾನರ ಕಾಲಿನ ಊತ ಇಳಿಯಲಿಲ್ಲ. ಡಾಕ್ಟರು ಮೊಳಕಾಲ ಕೆಳಗೆ ಹೆಬ್ಬೆರಳು ಒತ್ತಿದರೆ ಗುಳಿ ಹಾಗೇ ನಿಂತಿತು. ಅವರು ನೋಡಿದ್ದು ನನ್ನನ್ನು.

"ಏನಮ್ಮ, ಗಂಡನ್ನ ಉಳಿಸ್ಕೊಳ್ಳೋ ಆಸೆ ಇಲ್ವಾ?"

ಬಾಗಿಲ ಬಳಿ ಕಾದಿದ್ದವರೆಲ್ಲ ಕತ್ತು ಚಾಚಿ ನೋಡಿದರು. ಯಜಮಾನರು ಗೋಡೆಯ ಕ್ಯಾಲೆಂಡರ್ ಓದುತ್ತಾ ಕೂತಿದ್ದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಕೈಯಳತೆಯೇ ತಪ್ಪಿರಬೇಕೆಂದು ನನ್ನನ್ನೇ ಬೈದುಕೊಂಡೆ.

ಮರುವಾರ ಕುಡುಗೋಲು ಮನೆಯಲ್ಲೇ ಮರೆತಿದ್ದರಿಂದ ಗದ್ದೆಯಿಂದ ಮಧ್ಯಾಹ್ನವೇ ವಾಪಸಾದೆ. ಅತ್ತೆ ಅಟ್ಟದ ಜಾಡಿ ಇಳಿಸಿ, ತಮ್ಮ ಮಗನ ತಟ್ಟೆಗೆ ಕಪ್ಪಗಾದ ನಿಂಬೆಕಾಯಿ ಬಡಿಸುತ್ತಿದ್ದರು. ನಮ್ಮ ಕಡೆ ಜ್ವರ ಬಂದು ಬಾಯಿ ಕೆಟ್ಟವರಿಗೂ ಬಾಣಂತಿಯರಿಗೂ ಅದನ್ನು ಪಥ್ಯಕ್ಕೆ ಕೊಡುತ್ತಾರೆ. ಬರೀ ಉಪ್ಪಿನಲ್ಲಿ ವರ್ಷಗಟ್ಟಲೆ ಕೂತ ಕಾಯಿ. ಹಳತಾದಷ್ಟೂ ಒಳ್ಳೆಯದಂತೆ.

"ಇದು ಉಪ್ಪಲ್ಲ ಕಣಮ್ಮಿ, ಔಷ್ದಿ. ಅನ್ನೆರಡು ವರ್ಷದ್ದು," ಎಂದರು ಅತ್ತೆ. ಅವರ ಪಾಲಿಗೆ ಉಪ್ಪೆಂದರೆ ಪಾತ್ರೆಗೆ ಹಾಕುವುದು ಮಾತ್ರ. ಮೈಯೆಲ್ಲ ಉರಿಯಿತು. ಆದರೂ ಅವರು ಡಾಕ್ಟರ ಮಾತನ್ನು ಕಿವಿಯಾರೆ ಕೇಳಿದವರಲ್ಲ. ಕೇಳಿದವರು ತಟ್ಟೆಯ ಮುಂದೆ ಕೂತಿದ್ದರು.

"ಡಾಕ್ಟ್ರು ನನ್ನ ಉಗಿಯೋವಾಗ ನಿಮ್ಗೆ ಇದು ಗೊತ್ತಿತ್ತಲ್ವಾ?" ಎಂದೆ.

ಯಜಮಾನರು ಬೆರಳು ನೆಕ್ಕಿದರು. "ಬ್ಯಾಡ ಅಂದ್ರೆ ಅವ್ವ ನೊಂದ್ಕತಳೆ. ನಿಂಗೆ ಎರಡು ಮಾತು ಬೈದ್ರೆ ಏನಾದದು?"

ಮುಂದಿನ ಸಲ ಆ ಜಾಡಿಯನ್ನು ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಕುಕ್ಕಿದೆ.

"ಇವ್ರ ಅವ್ವ ಬಡಿಸಿದ್ದು, ಇದ್ನ ತಿಂದೋರು ಇವ್ರು. ಉಗಿಯೋದಿದ್ರೆ ಇವ್ರನ್ನ ಉಗೀರಿ ಸಾ."

ಡಾಕ್ಟರು ಮುಚ್ಚಳ ತೆಗೆದು ಮೂಸಿ ನಕ್ಕರು. "ತಾಯಿ ಪ್ರೀತಿ ಅಲ್ವೇನ್ರೀ?" ಎಂದು ಯಜಮಾನರ ಭುಜ ತಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ನೋಡ್ಕೋಬೇಕಿತ್ತಮ್ಮ," ಎಂದರು.

ಜಾಡಿಯನ್ನು ಅಲ್ಲೇ ಬಿಟ್ಟು ಬಂದೆ. ತಿಂಗಳೊಳಗೆ ಊತ ಇಳಿಯಿತು. ಅತ್ತೆ ಜಗಲಿಯಲ್ಲಿ ಕೂತು, ಬಂದವರಿಗೆಲ್ಲ "ನನ್ ನಿಂಬೆಕಾಯಿ ಔಷ್ದಿ ಕೊನೆಗೂ ಇಡೀತು ನೋಡಿ," ಎಂದು ಹೇಳತೊಡಗಿದರು. ಪಕ್ಕದಲ್ಲೇ ಕೂತಿದ್ದ ಯಜಮಾನರು ಹೌದೆಂದು ತಲೆಯಾಡಿಸಿದರು.

ಅವರು ಬದುಕಿದರು. ನನಗೆ ಬೇಕಿದ್ದದ್ದೂ ಅದೇ. ಆದರೆ ಹಾಗೆ ತಲೆಯಾಡಿಸಿದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.