ನಾಲ್ಕನೆಯ ಮೂಲೆಯ ಅರಿಶಿನ

ಹೋದ ತಿಂಗಳು ಮೆಲ್ಬರ್ನ್‌ನ ಕ್ಲೈಡ್ ನಾರ್ತ್‌ಗೆ, ಹೊಸ ಮನೆಗೆ ಬಂದೆವು. ಸಾಮಾನು ಸಾಗಿಸಿದವರು ಎಲ್ಲವನ್ನೂ ಜೋಪಾನವಾಗಿಯೇ ತಂದರು, ಒಂದು ಗಾಜನ್ನು ಬಿಟ್ಟು. ನಮ್ಮ ಮದುವೆಯ ಪತ್ರದ ಫ್ರೇಮಿನ ಗಾಜು ಸೀಳುಬಿಟ್ಟಿತ್ತು. ಹಿಂದಿನ ಕಂದು ಕಾಗದ ಕಿತ್ತು ಪತ್ರವನ್ನು ಊಟದ ಮೇಜಿನ ಮೇಲೆ ಇಟ್ಟೆ. ಬಿಸಿಲು ಬಿದ್ದ ಕಡೆಯೆಲ್ಲ ಅರಿಶಿನ ಮಾಸಿ ಹಳೆಯ ಬನಿಯನ್ನಿನ ಬಣ್ಣಕ್ಕೆ ಬಂದಿತ್ತು. ಫ್ರೇಮಿನ ಅಂಚು ಮುಚ್ಚಿದ್ದ ತುದಿಗಳಲ್ಲಿ ಮಾತ್ರ ಇನ್ನೂ ಅಚ್ಚ ಹಳದಿ. ಮೂಗಿನ ಹತ್ತಿರ ಹಿಡಿದೆ. ವಾಸನೆ ಇತ್ತೋ, ಇದೆ ಅಂತ ನಾನೇ ಅಂದುಕೊಂಡೆನೋ... ಆ ಪತ್ರ ಬರೆದುಕೊಟ್ಟ ತಾತ ಮಾತ್ರ ಎದುರಿಗೇ ಬಂದು ನಿಂತ ಹಾಗಾಯಿತು.

ಎರಡು ಸಾವಿರದ ದಶಕದ ನಡುವಿನ ಮಾತು. ನಾನಾಗ ಸಿಡ್ನಿಯ ಎಪ್ಪಿಂಗ್‌ನ ಒಂದು ಫ್ಲ್ಯಾಟಿನಲ್ಲಿದ್ದೆ. ನಾನು ಮದುವೆಯಾಗಲು ಹೊರಟಿದ್ದ ಡ್ಯಾನಿ ಮೆಲ್ಬರ್ನ್‌ನ ಯಹೂದಿ ಮನೆಯ ಹುಡುಗ. ಸರ್ಕಾರದ ಸರ್ಟಿಫಿಕೇಟು ಹೇಗೂ ಬರುತ್ತಿತ್ತು. ಅದಲ್ಲದೆ ಅವರಲ್ಲಿ ಕೆತುಬಾ ಎಂದು ಇನ್ನೊಂದು ಪತ್ರವಿರುತ್ತದೆ. ಮದುವೆಯ ಕರಾರನ್ನು ಚೆಂದದ ಕೈಬರಹದಲ್ಲಿ ಬರೆಸಿ, ಸಾಕ್ಷಿಗಳ ಸಹಿ ಹಾಕಿಸಿ, ಮನೆಯ ಗೋಡೆಗೆ ತೂಗುಹಾಕುವ ಪತ್ರ. ಡ್ಯಾನಿಯ ಅಜ್ಜಿಗೆ ಅದೊಂದು ಆಸೆ. ಆಗಲಿ ಎಂದೆ.

ಮೊದಲು ಇಂಟರ್ನೆಟ್‌ನಲ್ಲಿ ಜಾಲಾಡಿದೆವು. ದಾಳಿಂಬೆ ಬಳ್ಳಿಯದೊಂದು, ಜೋಡಿ ಮರದ್ದೊಂದು, ನೀಲಿ ಬಾಗಿಲಿನದೊಂದು. ಡಿಸೈನ್ ಆರಿಸಿ ಹೆಸರು ಟೈಪ್ ಮಾಡಿದರೆ ಮನೆಗೇ ಪೋಸ್ಟ್, ಹುಟ್ಟುಹಬ್ಬಕ್ಕೆ ಮಗ್ ಮಾಡಿಸಿದ ಹಾಗೆ. ನಾನು ದಾಳಿಂಬೆಗೆ ಮನಸ್ಸು ಮಾಡಿಯೂ ಬಿಟ್ಟಿದ್ದೆ. ಡ್ಯಾನಿಯ ಅಜ್ಜಿ ಫೋನಿನಲ್ಲೇ ಗದರಿ, ಮೆಲ್ಬರ್ನ್‌ನಲ್ಲಿ ಕೈಯಲ್ಲಿ ಬರೆಯುವವರೊಬ್ಬರಿದ್ದಾರೆ, ಹೋಗಿ ಎಂದರು.

ಡ್ರೈಕ್ಲೀನಿಂಗ್ ಅಂಗಡಿಯೊಂದರ ಹಿಂದಿನ ಕೋಣೆ. ಗಾಳಿಯಲ್ಲಿ ಇಸ್ತ್ರಿಯ ಹಬೆ, ಮೇಜಿನ ಮೇಲೆ ಮಸಿಯ ಬಾಟಲಿಗಳು. ಎಪ್ಪತ್ತು ದಾಟಿದ ಮುದುಕರು ಕನ್ನಡಕದ ಮೇಲಿನಿಂದ ನಮ್ಮನ್ನು ನೋಡಿದರು. ಬೇರೆ ಬೇರೆ ಧರ್ಮದವರೆಂದು ಅದಾಗಲೇ ಇಬ್ಬರು ಯಹೂದಿ ಗುರುಗಳು ನಮ್ಮನ್ನು ನಯವಾಗಿ ಸಾಗಹಾಕಿದ್ದರು. ಇವರೂ ಹಾಗೇ ಅಂದುಕೊಂಡಿದ್ದೆ. ಇವರು ಕೇಳಿದ್ದೇ ಬೇರೆ. "ಜಗಳ ಆದಾಗ ಮೊದಲು ಮಾತಾಡುವವರು ಯಾರು?" ನಾವು ಮುಖ ಮುಖ ನೋಡಿಕೊಂಡೆವು. ಅದು ಗೊತ್ತಾದ ಮೇಲೆ ಬನ್ನಿ ಎಂದು ಕಳಿಸಿಬಿಟ್ಟರು. ಸಿಡ್ನಿಯಿಂದ ಬಂದಿದ್ದೇವೆ ಎಂದರೂ ಕೇಳಲಿಲ್ಲ. ನನಗೆ ಎಂಥ ಸಿಟ್ಟು ಬಂದಿತ್ತೆಂದರೆ, ವಾಪಸು ಬರುವಾಗ ದಾರಿಯುದ್ದಕ್ಕೂ ಬೈದೆ. ಡ್ಯಾನಿ ತುಟಿ ಬಿಚ್ಚಲಿಲ್ಲ. ಊರು ಸೇರಿದ ಮೇಲೆ, ಮೊದಲು ಮಾತಾಡುವವನು ಅವನೇ ಎಂದು ಇಬ್ಬರಿಗೂ ಗೊತ್ತಾಯಿತು.

ಎರಡನೆಯ ಸಲ ಹೋದಾಗ ಅವರು ಪೆನ್ನು ಎತ್ತಿಕೊಂಡರು. ಒಂದು ಕಡೆ ಹೀಬ್ರೂ, ಒಂದು ಕಡೆ ಕನ್ನಡ, ನಡುವೆ ಇಂಗ್ಲಿಷ್ ಎಂದು ತೀರ್ಮಾನವಾಯಿತು. ಕನ್ನಡವನ್ನು ನಾನು ದೊಡ್ಡದಾಗಿ ಬರೆದುಕೊಟ್ಟೆ. ಅವರು ಡ್ರೈಕ್ಲೀನಿಂಗ್ ಪೊಟ್ಟಣದ ಕಾಗದದ ಮೇಲೆ ವಾರಗಟ್ಟಲೆ ತಿದ್ದಿದರು. "ಎಲ್ಲವೂ ದುಂಡು ದುಂಡು. ನಿಬ್ಬು ಎಲ್ಲಿ ನಿಂತು ಉಸಿರು ಬಿಡಬೇಕು?" ಎಂದು ಫೋನ್ ಮಾಡಿ ಗೊಣಗುತ್ತಿದ್ದರು. ಮನಸ್ಸಿನಲ್ಲೇ ನಾನವರನ್ನು ಬರಹದ ತಾತ ಎಂದು ಕರೆಯತೊಡಗಿದ್ದೆ.

ಕೊನೆಗೆ ಉಳಿದದ್ದು ಸಾಕ್ಷಿಯ ಪ್ರಶ್ನೆ. ಗಂಡಿನ ಕಡೆಯಿಂದ ಅಜ್ಜಿ. ಹೆಣ್ಣಿನ ಕಡೆಯಿಂದ ಯಾರು? ನಾನು ಅಮ್ಮನ ಹೆಸರು ಹೇಳಿದೆ.

ಅಮ್ಮನ ವಿಷಯ ಇಲ್ಲಿ ಹೇಳಲೇಬೇಕು. ನನಗೆ ಆರು ವರ್ಷವಿದ್ದಾಗ ಅಪ್ಪ ಹೋದರು. ಅಮ್ಮ ತುಮಕೂರಿನ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದಳು. ಊರಿನವರ ಮದುವೆಗಳನ್ನೆಲ್ಲ ರಿಜಿಸ್ಟರಿನಲ್ಲಿ ಬರೆದವಳು ಅದೇ ಊರಿನ ಮದುವೆಮನೆಗಳಲ್ಲಿ ಕಂಬದ ಹಿಂದೆ ಕೂರುತ್ತಿದ್ದಳು. ಅರಿಶಿನ ಕುಂಕುಮದ ತಟ್ಟೆ ಅವಳನ್ನು ದಾಟಿಕೊಂಡು ಮುಂದೆ ಹೋಗುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ. ನನ್ನನ್ನು ಧಾರೆ ಎರೆದುಕೊಡಬೇಕಾಗಿದ್ದ ಚಿಕ್ಕಪ್ಪ, ಈ ಮದುವೆಗೆ ಬರುವುದಿಲ್ಲವೆಂದು ಕಡ್ಡಿ ತುಂಡುಮಾಡಿದ ಹಾಗೆ ಹೇಳಿದ್ದರು. ಅಮ್ಮ ಒಬ್ಬಳೇ ವಿಮಾನ ಹತ್ತಿ ಬಂದಿದ್ದಳು.

"ಸಹಿಗೆ ನಾನ್ಯಾಕೆ? ಯಾರಾದ್ರೂ ಮುತ್ತೈದೆ ಕೈಲಿ ಹಾಕ್ಸೆ," ಅಂದಳು.

"ನೀನೇ ಹಾಕ್ಬೇಕು ಅಷ್ಟೆ," ಅಂದೆ. ಎರಡು ವಾರ ಪೀಡಿಸಿದ ಮೇಲೆ ಒಪ್ಪಿದಳು.

ಭಾನುವಾರ ಮದುವೆ. ಬುಧವಾರ ಡ್ಯಾನಿ ಎರಡು ರಟ್ಟುಗಳ ನಡುವೆ ಪತ್ರವನ್ನಿಟ್ಟುಕೊಂಡು, ಮೆಲ್ಬರ್ನ್‌ನಿಂದ ಕಾರಿನಲ್ಲಿ ಮಗುವಿನ ಹಾಗೆ ತಂದ. ಅಂಚಿಗೆ ಕೊನೆಗೂ ದಾಳಿಂಬೆ ಬಳ್ಳಿಯೇ ಬಂದಿತ್ತು. ಗುರುವಾರ ಸಂಜೆ ನಾನು ಕೆಲಸ ಮುಗಿಸಿ ಬಾಗಿಲು ತೆಗೆದರೆ, ಪತ್ರ ಮೇಜಿನ ಮೇಲಿದೆ, ಅಮ್ಮನ ಕೈಯಲ್ಲಿ ಬಟ್ಟಲಿದೆ, ಪತ್ರದ ಮೂರು ಮೂಲೆಗೆ ಒದ್ದೆ ಅರಿಶಿನ! ಲಗ್ನಪತ್ರಿಕೆಗೆ ಹಚ್ಚುವ ಹಾಗೆ, ಢಾಳಾಗಿ. ನಾಲ್ಕನೆಯ ಮೂಲೆಗೆ ಬೆರಳು ಇಳಿಯುವುದರಲ್ಲಿತ್ತು.

"ಅಯ್ಯೋ, ನಿನಗ್ಯಾರು ಮುಟ್ಟು ಅಂದ್ರು ಅದನ್ನ?" ಅಂತ ಕಿರುಚಿದೆ.

ಆಡಿದ ಮೇಲೆ ತಿಳಿಯಿತು. ಇದೇ ಮಾತನ್ನು ನಮ್ಮ ನೆಂಟರೆಲ್ಲ ಇಪ್ಪತ್ತು ವರ್ಷ ಬಾಯಿಬಿಡದೆ ಅವಳಿಗೆ ಹೇಳುತ್ತ ಬಂದಿದ್ದರು. ಬಾಯಿಬಿಟ್ಟು ಹೇಳಿದವಳು ನಾನೊಬ್ಬಳೇ.

ಅಮ್ಮ ಬಟ್ಟಲನ್ನು ಸಿಂಕಿನಲ್ಲಿಟ್ಟು ಕೈ ತೊಳೆದಳು. "ತಪ್ಪಾಯ್ತು ಕಣೆ. ಖುಷೀಲಿ ಮರೆತುಬಿಟ್ಟೆ. ಸಹಿ ಬೇರೆಯವ್ರ ಹತ್ರ ಹಾಕ್ಸು, ನಾನು ಹಿಂದೆ ಕೂತ್ಕೋತೀನಿ."

ನಾನು ಅಳುತ್ತ ತಾತನಿಗೆ ಫೋನ್ ಮಾಡಿದೆ. ಅವರ ಮೊದಲ ಮಾತು, "ಒರೆಸಿದೆಯಾ?"

"ಇಲ್ಲ."

"ಒರೆಸಬೇಡ. ಮಸಿ ಕದಡಿದೆಯಾ?"

ಇಲ್ಲ ಎಂದೆ. ಎಷ್ಟು ಮೂಲೆ ಎಂದರು. ಮೂರು. ಯಾಕೆ ಮೂರೇ? ನಾನು ಕೂಗಾಡಿದ್ದನ್ನು ಹೇಳಬೇಕಾಯಿತು. ಆಮೇಲೆ ಅಮ್ಮನಿಗೆ ಕೊಡು ಎಂದರು. ಅಮ್ಮ ಫೋನ್ ತೆಗೆದುಕೊಂಡು ತನ್ನ ಆಫೀಸಿನ ಇಂಗ್ಲಿಷಿನಲ್ಲಿ, "ಗುಡ್ ಈವ್ನಿಂಗ್ ಸಾರ್" ಎಂದಳು. ಅವರು ಏನೋ ಕೇಳಿದರು. ಅಮ್ಮ ಹೇಳಿದಳು, "ವಿತೌಟ್ ಟರ್ಮರಿಕ್, ಇಟ್ ಈಸ್ ಓನ್ಲಿ ಪೇಪರ್ ಸಾರ್. ಸಾರಿ ಸಾರ್."

ತಾತ ಗಹಗಹಿಸಿ ನಕ್ಕದ್ದು ನನಗೂ ಕೇಳಿಸಿತು. ಪತ್ರ ಬರೆಯುವುದಷ್ಟೇ ತನ್ನ ಕೆಲಸ, ಯಾರ ಮದುವೆಗೂ ಹೋಗುವುದಿಲ್ಲ ಎನ್ನುತ್ತಿದ್ದವರು, ಭಾನುವಾರದ ಮೊದಲ ಫ್ಲೈಟಿಗೆ ಬರುತ್ತೇನೆ, ಅಲ್ಲಿಯವರೆಗೆ ಯಾರೂ ಏನೂ ಮಾಡಬೇಡಿ ಎಂದರು. ಅಮ್ಮನ ಮನಸ್ಸು ಮಾತ್ರ ಕದಲಲಿಲ್ಲ. ಶುಕ್ರವಾರ ಕ್ಷಮೆ ಕೇಳಿದೆ, ಶನಿವಾರ ಕಾಲು ಹಿಡಿದೆ. "ಇರ್ಲಿ ಬಿಡೆ," ಎಂದು ಚಕ್ಕುಲಿ ಒತ್ತುತ್ತಿದ್ದಳು.

ಎಪ್ಪಿಂಗ್‌ನ ಸಣ್ಣ ಹಾಲ್‌ನಲ್ಲಿ ಮದುವೆ. ಅಮ್ಮ ಬಾಗಿಲ ಪಕ್ಕ, ಕಟ್ಟಕಡೆಯ ಸಾಲಿನಲ್ಲಿ ಕೂತಳು. ಡ್ಯಾನಿಯ ಅಜ್ಜಿ ಸಹಿ ಹಾಕಿದರು. ಮುಂದಿನವರು ಯಾರು ಎಂದು ಎಲ್ಲರೂ ನೋಡುತ್ತಿರುವಾಗ ತಾತ ಪೆನ್ನನ್ನು ಕಸಿದು ಪೆಟ್ಟಿಗೆಗೆ ಹಾಕಿ ಮುಚ್ಚಿಬಿಟ್ಟರು. "ಕೆಲಸ ಮುಗಿದಿಲ್ಲ. ಅರ್ಧಂಬರ್ಧ ಕೆಲಸಕ್ಕೆ ನಾನು ಸಹಿ ಹಾಕಿಸುವುದಿಲ್ಲ." ಕೋಟಿನ ಜೇಬಿನಿಂದ ಒಂದು ಪ್ಯಾಕೆಟ್ ತೆಗೆದು ಮೇಜಿನ ಮೇಲಿಟ್ಟರು. ಸಾರಿಗೆ ಹಾಕುವ ಅರಿಶಿನದ ಪುಡಿ! "ಇದನ್ನು ಶುರು ಮಾಡಿದವರೇ ಬಂದು ಮುಗಿಸಬೇಕು. ನನ್ನ ಫ್ಲೈಟ್ ಸಂಜೆಗೆ. ಅಲ್ಲಿಯವರೆಗೂ ಕಾಯುತ್ತೇನೆ," ಎಂದು ಕೈಕಟ್ಟಿ ಕುರ್ಚಿಯಲ್ಲಿ ಕೂತರು.

ಅರವತ್ತು ಜನ ತಿರುಗಿ ನೋಡಿದರು. ಅಮ್ಮ ತಲೆ ತಗ್ಗಿಸಿ ಬೇಡ ಬೇಡ ಎಂದು ಕೈ ಆಡಿಸಿದಳು. ಇನ್ನು ಇದು ನನ್ನದೇ ಕೆಲಸ ಎಂದು ತಿಳಿಯಿತು. ಸೀರೆ ಎತ್ತಿ ಹಿಡಿದು, ಸಾಲುಗಳನ್ನೆಲ್ಲ ದಾಟಿ, ಅವಳ ಮುಂದೆ ಹೋಗಿ ನಿಂತೆ.

"ಅಮ್ಮಾ, ಇವತ್ತು ಎಲ್ಲರ ಮುಂದೆ ಕೇಳ್ತಿದೀನಿ. ನನ್ನ ಮದುವೆಗೆ ಅರಿಶಿನ ಹಚ್ಚೋಕೆ ನೀನಲ್ದೆ ಇನ್ಯಾರಿದಾರೆ? ಬಾ."

ಅವಳು ನನ್ನ ಮುಖವನ್ನೇ ನೋಡಿದಳು. ಸೆರಗು ಹೊದ್ದು ಎದ್ದಳು. ಆ ಹಾಲ್‌ನ ಉದ್ದಕ್ಕೂ, ನಟ್ಟನಡುವೆ, ನನ್ನ ಕೈ ಹಿಡಿದು ನಡೆದು ಬಂದಳು. ತಾತ ಎದ್ದು ನಿಂತರು. ಅಮ್ಮ ಅಂಗೈಯಲ್ಲೇ ಅರಿಶಿನ ಕಲಸಿದಳು. ನಾಲ್ಕನೆಯ ಮೂಲೆಗೆ ಒತ್ತಿ ಹಚ್ಚಿದಳು, ಬೇರೆ ಮೂರನ್ನೂ ಸೇರಿಸಿದರೂ ಅಷ್ಟಾಗದಷ್ಟು! ಆಮೇಲೆ ಪೆನ್ನು ತೆಗೆದುಕೊಂಡು ಕನ್ನಡದಲ್ಲಿ ಸಹಿ ಮಾಡಿ, ಆಫೀಸಿನ ಅಭ್ಯಾಸಕ್ಕೆ ಕೆಳಗೆ ಎರಡು ಗೆರೆ ಎಳೆದು ತಾರೀಖು ಹಾಕಿದಳು. ಹಾಲ್ ಚಪ್ಪಾಳೆಯಿಂದ ತುಂಬಿಹೋಯಿತು. ಯಾರೋ ಸಿಳ್ಳೆ ಹೊಡೆದರು. ಗೆದ್ದೆವು ಅನ್ನಿಸಿತು. ಯಾರ ಮೇಲೆ ಅಂತ ಕೇಳಿದರೆ ಇವತ್ತಿಗೂ ಹೇಳಲಾರೆ, ಆದರೆ ಗೆದ್ದೆವು. ತಾತ ಪತ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಈಗ ಮುಗಿಯಿತು," ಎಂದರು.

ಅದಾದ ನಾಲ್ಕು ವರ್ಷಕ್ಕೆ ಅವರು ಹೋದರು. ಆ ಕೋಣೆಯಲ್ಲಿ ಈಗ ಯಾರೋ ಫೋನ್ ರಿಪೇರಿ ಮಾಡುತ್ತಾರೆ. ಇದೇ ಊರಿಗೆ ಬಂದು ನೆಲೆಸಿಯೂ ಅವರಿಗೊಂದು ಫೋನ್ ಮಾಡುವಂತಿಲ್ಲ...

ಪತ್ರ ಮಾಸಿದ್ದನ್ನು ಅಮ್ಮನಿಗೆ ತೋರಿಸಿದೆ. ಅವಳೀಗ ನಮ್ಮ ಜೊತೆಗೇ ಇದ್ದಾಳೆ, ಎಂಬತ್ತರ ಹತ್ತಿರ. "ಅದಕ್ಯಾಕೆ ಅಷ್ಟು ಪೇಚಾಡ್ತೀಯ?" ಎಂದು ಅಡುಗೆಮನೆಗೆ ಹೋಗಿ ಅರಿಶಿನ ಕಲಸಿಕೊಂಡು ಬಂದಳು. ಯಾರನ್ನೂ ಕೇಳಲಿಲ್ಲ, ನನ್ನನ್ನೂ. ಒಂದೊಂದೇ ಮೂಲೆಗೆ ಹೊಸದಾಗಿ ಹಚ್ಚಿದಳು. ವಯಸ್ಸಾದ ಬೆರಳು. ನಾಲ್ಕನೆಯದಕ್ಕೆ ಬರುವಾಗ ಒಂದು ಹನಿ ಜಾರಿ ದಾಳಿಂಬೆ ಎಲೆಯ ಮೇಲೆ ಬಿತ್ತು. ನಾನು ಬಟ್ಟೆ ಹಿಡಿದು ಬಗ್ಗಿದೆ.

ಒರೆಸಬೇಡ, ಎಂದರು ತಾತ. ಬಟ್ಟೆ ಕೆಳಗಿಟ್ಟೆ.